ಹೆರಿಗೆ ಕೋಣೆಯಲ್ಲಿ ಯಾರಿದ್ದರು?

"ಹೆರಿಗೆ ಅಂದ್ರೆ ಹೆಂಗಸಿಗೆ ಮರುಹುಟ್ಟು" ಅನ್ನೋ ಮಾತನ್ನ ನೀವೂ ಕೇಳಿರುತ್ತೀರಿ. ಸೀಮಂತಕ್ಕೆ ಬಂದ ದೊಡ್ಡಮ್ಮ ಹೇಳುತ್ತಾರೆ. ಮೆಟರ್ನಿಟಿ ಲೀವ್‌ಗೆ ಹೊರಟಾಗ ಆಫೀಸಿನಲ್ಲಿ ಕೇಕ್ ಕತ್ತರಿಸುತ್ತಾ ಸಹೋದ್ಯೋಗಿಗಳು ಹೇಳುತ್ತಾರೆ. ಕೇಳೋಕೆ ಅದು ಅಲಂಕಾರದ ಮಾತಿನ ಹಾಗಿದೆ. ಎಂಬತ್ತು ವರ್ಷದ ಹಿಂದೆ ಅದು ಬರೀ ಲೆಕ್ಕ.

ಸ್ವಾತಂತ್ರ್ಯಕ್ಕೆ ಒಂದು ವರ್ಷ ಮುಂಚೆ, 1946ರಲ್ಲಿ, ಭೋರ್ ಸಮಿತಿ ದೇಶದ ಆರೋಗ್ಯದ ಬಗ್ಗೆ ವರದಿ ಕೊಟ್ಟಿತು. ಅದರ ಅಂದಾಜಿನ ಪ್ರಕಾರ ಪ್ರತಿ 1,000 ಜೀವಂತ ಜನನಕ್ಕೆ ಸುಮಾರು 20 ತಾಯಂದಿರು ಸಾಯುತ್ತಿದ್ದರು. ಅಂದರೆ ಶೇಕಡಾ ಎರಡು. ಕಡಿಮೆ ಅನ್ನಿಸಬಹುದು. ಆದರೆ ಆಗಿನವರು ಒಂದೋ ಎರಡೋ ಹೆತ್ತು ನಿಲ್ಲಿಸುತ್ತಿರಲಿಲ್ಲ. ಆರು ಸಲ ಹೆರುವವಳು ಆರು ಸಲ ಈ ಹೊಳೆ ದಾಟಬೇಕು. ಲೆಕ್ಕ ಹಾಕಿ ನೋಡಿ, ಸುಮಾರು ಒಂಬತ್ತು ಹೆಂಗಸರಲ್ಲಿ ಒಬ್ಬಳು ಆಚೆ ದಡ ಸೇರುತ್ತಿರಲಿಲ್ಲ.

ಈಗ? 2018-20ರ ಸರ್ಕಾರಿ ಲೆಕ್ಕದಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಕ್ಕೆ ದೇಶದಲ್ಲಿ 97, ಕರ್ನಾಟಕದಲ್ಲಿ 69 ತಾಯಂದಿರ ಸಾವು. ಅಂದು ಇದೇ ಲಕ್ಷಕ್ಕೆ 2,000 ಇತ್ತು. ಮೂರು ತಲೆಮಾರಿನೊಳಗೆ ಇಷ್ಟು ದೊಡ್ಡ ಗೆಲುವು ಬೇರೆ ಯಾವುದರಲ್ಲಿ ಸಿಕ್ಕಿದೆ ಹೇಳಿ!

ಆದರೆ ಹೆರಿಗೆಯ ಇತಿಹಾಸಕ್ಕೆ ಇನ್ನೊಂದು ಪುಟವೂ ಇದೆ. ಎಷ್ಟು ಜನ ಬದುಕಿದರು ಅನ್ನೋದನ್ನ ಸರ್ಕಾರ ಎಣಿಸುತ್ತದೆ. ಬೇನೆ ತಿನ್ನುವಾಗ ಅವಳ ಪಕ್ಕ ಯಾರಿದ್ದರು ಅನ್ನೋದನ್ನ ಬಹಳ ಕಾಲ ಯಾರೂ ಎಣಿಸಲಿಲ್ಲ. ಮಗಳು ಹುಟ್ಟಿದ ಮೇಲೆ, ಅವಳು ನಿದ್ದೆ ಮಾಡೋ ಹೊತ್ತಿನಲ್ಲೆಲ್ಲ ನಾನು ಓದಿದ್ದು ಈ ಪುಟವನ್ನ.

ನಮ್ಮ ಹಳೆಯ ವೈದ್ಯಗ್ರಂಥ ಚರಕಸಂಹಿತೆಯಲ್ಲಿ ಹೆರಿಗೆಗೆಂದೇ ಒಂದು ಮನೆ ಕಟ್ಟುವ ವಿಚಾರ ಬರುತ್ತದೆ. ಅದರ ಹೆಸರು ಸೂತಿಕಾಗಾರ. ಒಂಬತ್ತನೇ ತಿಂಗಳಿಗೆ ಮುಂಚೆಯೇ ಅದು ಸಿದ್ಧವಾಗಿರಬೇಕು. ಒಳಗೆ ಏನೇನು ಇರಬೇಕು ಅನ್ನೋ ಉದ್ದದ ಪಟ್ಟಿಯಿದೆ: ತುಪ್ಪ, ಎಣ್ಣೆ, ಉಪ್ಪು, ಬೆಂಕಿ, ನೀರು... ಇದೇ ಪಟ್ಟಿಯಲ್ಲಿ ಮನುಷ್ಯರೂ ಇದ್ದಾರೆ. ಹಲವು ಸಲ ಹೆತ್ತ, ಬಸುರಿಯ ಮೇಲೆ ಪ್ರೀತಿ ಇರುವ, ಕೆಲಸ ಬಲ್ಲ, ಕಷ್ಟ ತಡೆಯಬಲ್ಲ ಹೆಂಗಸರು ಅವಳ ಸುತ್ತ ಇರಬೇಕು. ಅವರ ಕೆಲಸ ಧೈರ್ಯ ಹೇಳೋದು, ಸೊಂಟ ಬೆನ್ನು ತಿಕ್ಕೋದು, ಯಾವಾಗ ಮುಕ್ಕಬೇಕು ಯಾವಾಗ ಸುಮ್ಮನಿರಬೇಕು ಅಂತ ತಿಳಿಸೋದು. ಬೆಂಕಿ, ನೀರಿನಷ್ಟೇ ಜೊತೆಗಾತಿಯರೂ ಅಗತ್ಯ ವಸ್ತು.

ನಮ್ಮ ಹಳ್ಳಿಗಳಲ್ಲಿ ಈ ಜಾಗದಲ್ಲಿ ಇದ್ದವಳು ಸೂಲಗಿತ್ತಿ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ನಿಮಗೆ ಗೊತ್ತಿರಬಹುದು. ಓದು ಬರಹ ಇಲ್ಲದ ಈ ಅಜ್ಜಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ವಿದ್ಯೆ ಅವರಿಗೆ ಬಂದದ್ದು ಸ್ವಂತ ಅಜ್ಜಿಯಿಂದ. ಅದು ನೋಡಿ, ಮುಟ್ಟಿ, ಪಕ್ಕದಲ್ಲಿ ಕೂತು ಕಲಿತ ವಿದ್ಯೆ.

ನನ್ನ ಅಜ್ಜಿಯ ಊರೂ ಅದೇ ಸೀಮೆ. ಅವರ ಚೊಚ್ಚಲು ಹೆರಿಗೆ ಆದದ್ದು ದನದ ಕೊಟ್ಟಿಗೆಗೆ ಅಂಟಿದ ಕೋಣೆಯಲ್ಲಿ, ಹದಿನಾರನೇ ವಯಸ್ಸಿಗೆ. "ಒಂದು ರಾತ್ರಿ, ಒಂದು ಹಗಲು ಕಣವ್ವಾ. ನಮ್ಮವ್ವ ಬೆನ್ನಿಗೆ ಒರಗಿಸ್ಕೊಂಡು ಕೂತಿದ್ಲು. ಸೂಲಗಿತ್ತಿ ಮುಂದೆ. ಪಕ್ಕದ ಮನೆ ಅತ್ತೆ ಕಷಾಯ ಕಾಸಿ ಕಾಸಿ ತರೋಳು. ನಾನು ಕೂಗಿದ್ರೆ ಅವರೂ ಕೂಗೋರು" ಅಂತ ಈಗಲೂ ನಗುತ್ತಾರೆ. ಅರವತ್ತು ವರ್ಷ ಕಳೆದ ಮೇಲೂ ಆ ಕೋಣೆಯಲ್ಲಿ ಯಾರು ಎಲ್ಲಿ ಕೂತಿದ್ದರು ಅನ್ನೋದು ಅವರಿಗೆ ನೆನಪಿದೆ. ನೋವು ಎಷ್ಟಿತ್ತು ಅಂತ ಕೇಳಿದರೆ ಮಾತ್ರ "ಇತ್ತು ಬಿಡು" ಅನ್ನುತ್ತಾರೆ.

ಇದನ್ನ ಕೇಳಿ ಹಳೇ ಕಾಲವೇ ಚೆನ್ನಾಗಿತ್ತು ಅಂತ ಬರೆದುಬಿಡೋದು ಸುಲಭ. ನಾನು ಬರೆಯಲ್ಲ. ಯಾಕಂದ್ರೆ ಅಜ್ಜಿಗೆ ಒಬ್ಬ ಅಕ್ಕ ಇದ್ದರು. ಅವರದ್ದೂ ಅದೇ ಕೋಣೆ, ಅದೇ ಸೂಲಗಿತ್ತಿ, ಅದೇ ತಾಯಿಯ ಬೆನ್ನು. ಹೆರಿಗೆ ಸಲೀಸಾಗಿ ಆಯಿತು. ಮೂರನೇ ದಿನ ಚಳಿ ಜ್ವರ ಬಂತು, ಒಂಬತ್ತನೇ ದಿನ ಹೋದರು. ಮನೆಯವರು ಅದನ್ನ ಬಾಣಂತಿ ಸನ್ನಿ ಅಂದರು. ದೃಷ್ಟಿ ಅಂದವರೂ ಇದ್ದರು. ತೊಳೆಯದ ಕೈಯಿಂದಲೋ ಹೊಕ್ಕುಳಬಳ್ಳಿ ಕೊಯ್ದ ಕುಡುಗೋಲಿನಿಂದಲೋ ಸೋಂಕು ತಾಗಬಹುದು ಅಂತ ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಎಷ್ಟೋ ಊರುಗಳಲ್ಲಿ ಸೂಲಗಿತ್ತಿ ಕೆಳಗೆ ತಳ್ಳಿಸಿಕೊಂಡ ಜಾತಿಯವಳು. ರಕ್ತ, ಮಾಸು ಮೈಲಿಗೆ, ಅದಕ್ಕೇ ಆ ಕೆಲಸ ಅವಳದ್ದು. ಮಗುವನ್ನ ಮೊದಲು ಎತ್ತಿಕೊಂಡ ಕೈ ಅವಳದ್ದಾದರೂ ಪುರುಡು ಕಳೆದ ಮೇಲೆ ಅವಳು ಹೊಸಿಲಾಚೆ ನಿಲ್ಲಬೇಕಿತ್ತು. ಒಂದು ಮೊರ ರಾಗಿ, ಒಂದು ಹಳೇ ಸೀರೆ, ಲೆಕ್ಕ ಚುಕ್ತಾ.

ಹಣ, ಅಧಿಕಾರ ಇದ್ದವರಿಗೂ ಆಗ ಬಿಡುಗಡೆ ಇರಲಿಲ್ಲ. ನಾವು ನಿಂತು ಫೋಟೋ ತೆಗೆಸಿಕೊಳ್ಳೋ ತಾಜ್ ಮಹಲ್ ಯಾರ ಸಮಾಧಿ? 1631ರಲ್ಲಿ ಬುರ್ಹಾನ್‌ಪುರದಲ್ಲಿ ಹದಿನಾಲ್ಕನೇ ಮಗುವನ್ನ ಹೆತ್ತು ಸತ್ತ ಮುಮ್ತಾಜ್‌ಳದ್ದು. ಅದನ್ನ ಪ್ರೇಮದ ಗುರುತು ಅಂತ ಕರೆದು ಅಭ್ಯಾಸವಾಗಿದೆ. ಅದು ಹೆರಿಗೆಯ ಸಾವಿನ ಸ್ಮಾರಕ ಕೂಡ ಹೌದು.

ಚೊಚ್ಚಲು ತಾಯಂದಿರಲ್ಲಿ ನನಗೆ ಮತ್ತೆ ಮತ್ತೆ ನೆನಪಾಗೋದು ಆನಂದಿಬಾಯಿ ಜೋಶಿ. 1865ರಲ್ಲಿ ಹುಟ್ಟಿದವಳು, ಒಂಬತ್ತಕ್ಕೆ ಮದುವೆ, ಹದಿನಾಲ್ಕಕ್ಕೆ ಗಂಡುಮಗು. ಮಗು ಬದುಕಿದ್ದು ಹತ್ತೇ ದಿನ. ಹೆಂಗಸರನ್ನ ನೋಡೋಕೆ ಹೆಂಗಸು ವೈದ್ಯರಿದ್ದರೆ ಹೀಗಾಗುತ್ತಿತ್ತೇ ಅನ್ನೋ ಪ್ರಶ್ನೆ ಆ ಹುಡುಗಿಯನ್ನ ಸಮುದ್ರ ದಾಟಿಸಿತು. ಅಮೆರಿಕದ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ 1886ರಲ್ಲಿ ಡಾಕ್ಟರಾದಳು. ಪ್ರಬಂಧಕ್ಕೆ ಅವಳು ಆರಿಸಿಕೊಂಡ ವಿಷಯ ಯಾವುದು ಗೊತ್ತಾ? ಹಿಂದೂಗಳಲ್ಲಿನ ಪ್ರಸೂತಿ ಶಾಸ್ತ್ರ. ಮರುವರ್ಷ ಫೆಬ್ರವರಿಯಲ್ಲಿ ಇಪ್ಪತ್ತೆರಡು ತುಂಬುವ ಮುಂಚೆಯೇ ಕಾಯಿಲೆಯಿಂದ ತೀರಿಕೊಂಡಳು. ಒಬ್ಬ ರೋಗಿಯ ಹೆರಿಗೆಯನ್ನೂ ತನ್ನ ನೆಲದಲ್ಲಿ ಮಾಡಿಸೋಕೆ ಕಾಲ ಅವಳಿಗೆ ಬಿಡಲಿಲ್ಲ.

ಹಾಗಾದರೆ ಆಸ್ಪತ್ರೆ ಬಂದ ತಕ್ಷಣ ಸಾವು ನಿಂತಿತಾ? ಇಲ್ಲ. ಇಲ್ಲೇ ಇತಿಹಾಸ ನಮ್ಮ ಕಿವಿ ಹಿಂಡುತ್ತದೆ. ಯುರೋಪಿನ ದೊಡ್ಡ ಆಸ್ಪತ್ರೆಗಳಲ್ಲಿ ಒಂದಾದ ವಿಯೆನ್ನಾದ ಆಸ್ಪತ್ರೆಯಲ್ಲಿ 1840ರ ದಶಕದಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು. ಮೊದಲನೆಯದರಲ್ಲಿ ಡಾಕ್ಟರುಗಳು, ವೈದ್ಯ ವಿದ್ಯಾರ್ಥಿಗಳು. ಎರಡನೆಯದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಡಾಕ್ಟರುಗಳ ವಾರ್ಡಿನಲ್ಲಿ ನೂರಕ್ಕೆ ಹನ್ನೊಂದು ತಾಯಂದಿರು ಸತ್ತರು. ಸೂಲಗಿತ್ತಿಯರ ವಾರ್ಡಿನಲ್ಲಿ ನೂರಕ್ಕೆ ಮೂವರೂ ಇಲ್ಲ. ಊರಿನ ಬಡ ಹೆಂಗಸರಿಗೆ ಇದು ಗೊತ್ತಿತ್ತು. ಮೊದಲನೇ ವಾರ್ಡಿಗೆ ಹಾಕಬೇಡಿ ಅಂತ ಮೊಣಕಾಲೂರಿ ಬೇಡುತ್ತಿದ್ದರು. ದಾರಿಯಲ್ಲೇ ಹೆತ್ತು ಆಮೇಲೆ ಆಸ್ಪತ್ರೆಗೆ ಬಂದವರೂ ಇದ್ದರು.

ಅಲ್ಲಿ ಕೆಲಸ ಮಾಡುತ್ತಿದ್ದ ಇಗ್ನಾಜ್ ಸೆಮ್ಮೆಲ್ವೈಸ್‌ಗೆ ಈ ಲೆಕ್ಕ ನಿದ್ದೆ ಕೆಡಿಸಿತು. ಶವ ಕೊಯ್ಯುವಾಗ ಕತ್ತಿ ತಾಗಿ ಸತ್ತ ಸ್ನೇಹಿತನ ದೇಹದಲ್ಲಿ ಅವನಿಗೆ ಕಂಡದ್ದು ಬಾಣಂತಿಯರಲ್ಲಿ ಕಾಣುತ್ತಿದ್ದ ಅದೇ ರೋಗ. ಅರ್ಥವಾಯಿತು: ಶವಾಗಾರದಿಂದ ನೇರವಾಗಿ ಹೆರಿಗೆ ವಾರ್ಡಿಗೆ ಬರುತ್ತಿದ್ದ ಡಾಕ್ಟರುಗಳ ಕೈಯೇ ವಿಷ. 1847ರ ಮೇ ತಿಂಗಳಲ್ಲಿ ಎಲ್ಲರೂ ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳೆಯಬೇಕು ಅಂತ ಹಟ ಹಿಡಿದ. ಏಪ್ರಿಲ್‌ನಲ್ಲಿ ನೂರಕ್ಕೆ ಹದಿನೆಂಟಿದ್ದ ಸಾವು ಜೂನ್‌ನಲ್ಲಿ ಎರಡಕ್ಕೆ ಇಳಿಯಿತು. ಆದರೂ ಬಹುಪಾಲು ದೊಡ್ಡ ಡಾಕ್ಟರುಗಳು ಒಪ್ಪಲಿಲ್ಲ. ಸಭ್ಯರ ಕೈ ಕೊಳಕು ಅಂದರೆ ಯಾರು ಸಹಿಸುತ್ತಾರೆ? 1865ರಲ್ಲಿ ಸೆಮ್ಮೆಲ್ವೈಸ್ ಮಾನಸಿಕ ಆಸ್ಪತ್ರೆಯೊಂದರಲ್ಲಿ ಸತ್ತ. ನನ್ನ ಅಜ್ಜಿಯ ಅಕ್ಕನಿಗೆ ಬೇಕಾಗಿದ್ದ ವಿದ್ಯೆ ಅವರು ಹುಟ್ಟುವುದಕ್ಕೆ ಬಹಳ ಮುಂಚೆಯೇ ವಿಯೆನ್ನಾದಲ್ಲಿ ಸಿಕ್ಕಿತ್ತು. ಅದು ಕೊಟ್ಟಿಗೆ ಪಕ್ಕದ ಆ ಕೋಣೆಗೆ ಬಂದು ಮುಟ್ಟಲೇ ಇಲ್ಲ.

ಅದೇ 1847ರಲ್ಲಿ ಇನ್ನೊಂದು ಬಾಗಿಲೂ ತೆರೆಯಿತು. ಸ್ಕಾಟ್ಲೆಂಡಿನ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆ ನೋವಿಗೆ ಕ್ಲೋರೋಫಾರ್ಮ್ ಕೊಟ್ಟ. 1853ರಲ್ಲಿ ವಿಕ್ಟೋರಿಯಾ ರಾಣಿ ಎಂಟನೇ ಮಗುವಿಗೆ ಅದನ್ನೇ ತೆಗೆದುಕೊಂಡಳು. ಕೊಟ್ಟವನು ಜಾನ್ ಸ್ನೋ, ಕಾಲರಾ ನೀರಿನಿಂದ ಹರಡುತ್ತದೆ ಅಂತ ತೋರಿಸಿದ ಅದೇ ಡಾಕ್ಟರ್. ಹೆಣ್ಣು ನೋವಲ್ಲೇ ಹೆರಬೇಕು ಅಂತ ದೇವರೇ ಹೇಳಿದ್ದಾನೆ ಅನ್ನುತ್ತಿದ್ದವರ ಬಾಯಿ ರಾಣಿಯ ಮುಂದೆ ಕಟ್ಟಿತು. ಎಪಿಡ್ಯೂರಲ್ ತಗೋಬೇಕಾ ಬೇಡವಾ ಅಂತ ಇವತ್ತು ನಾವು ಯೋಚಿಸೋ ಸ್ಥಿತಿಗೆ ಬಂದಿದ್ದೇವಲ್ಲ, ಅದರ ಬೇರು ಅಲ್ಲಿದೆ.

ಆದರೆ ಈ ದಾರಿ ಒಂದು ವಿಚಿತ್ರ ತಿರುವಿಗೂ ಹೋಯಿತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಮಾರ್ಫಿನ್ ಜೊತೆ ಸ್ಕೋಪೊಲಮಿನ್ ಅನ್ನೋ ಔಷಧಿ ಸೇರಿಸಿ ಕೊಡೋ ಪದ್ಧತಿ ಬೆಳೆಯಿತು. ಅದಕ್ಕೆ 'ಮುಸ್ಸಂಜೆ ನಿದ್ದೆ' ಅನ್ನೋ ಅರ್ಥದ ಚೆಂದದ ಹೆಸರು ಕೊಟ್ಟರು. 1914ರ ಹೊತ್ತಿಗೆ ಅಮೆರಿಕದ ಹೆಂಗಸರೇ ಇದು ನಮಗೂ ಬೇಕು ಅಂತ ಚಳವಳಿ ಮಾಡಿದರು. ಆ ಮದ್ದಿನ ಮುಖ್ಯ ಗುಣ ನೆನಪು ಅಳಿಸೋದು. ಹೆಂಗಸು ನೋವಲ್ಲಿ ಒದ್ದಾಡುತ್ತಿದ್ದಳು, ಕೂಗುತ್ತಿದ್ದಳು. ಬೀಳದಿರಲಿ ಅಂತ ಎಷ್ಟೋ ಕಡೆ ಕೈಕಾಲು ಕಟ್ಟುತ್ತಿದ್ದರು. ಎಚ್ಚರವಾದ ಮೇಲೆ ಅವಳಿಗೆ ಏನೂ ನೆನಪಿರುತ್ತಿರಲಿಲ್ಲ, ಪಕ್ಕದಲ್ಲಿ ಮಗು ಇರುತ್ತಿತ್ತು. ಮೊದಲು ಅವಳ ಜೊತೆಯವರು ಕೋಣೆಯಿಂದ ಆಚೆ ಹೋದರು. ಈಗ ಅವಳೂ ಅಲ್ಲಿರಲಿಲ್ಲ.

ನಮ್ಮ ದೇಶದಲ್ಲಿ ಆಸ್ಪತ್ರೆ ಹೆರಿಗೆಯ ಕಥೆ ನಿಧಾನವಾಗಿ ಶುರುವಾಯಿತು. 1885ರಲ್ಲಿ ವೈಸರಾಯ್ ಡಫರಿನ್‌ರ ಹೆಂಡತಿ ಲೇಡಿ ಡಫರಿನ್, ಹೆಂಗಸರಿಗೆ ಹೆಂಗಸರೇ ವೈದ್ಯಕೀಯ ಸೇವೆ ಕೊಡಲಿ ಅಂತ ಒಂದು ನಿಧಿ ಕಟ್ಟಿದರು. 1903ರಲ್ಲಿ ಲೇಡಿ ಕರ್ಜನ್ ಸೂಲಗಿತ್ತಿಯರಿಗೆ ತರಬೇತಿ ಕೊಡೋಕೆ ಇನ್ನೊಂದು ನಿಧಿ ಕೂಡಿಸಿದರು. ನಮ್ಮ ಬೆಂಗಳೂರಿನಲ್ಲಿ 1935ರಲ್ಲಿ ಮೈಸೂರು ಸಂಸ್ಥಾನದ ರೀಜೆಂಟ್ ಆಗಿದ್ದ ಮಹಾರಾಣಿಯ ಹೆಸರಿನಲ್ಲಿ ವಾಣಿವಿಲಾಸ ಆಸ್ಪತ್ರೆ ಶುರುವಾಯಿತು. ಸಿಟಿ ಮಾರ್ಕೆಟ್ ಕಡೆ ಹೋದಾಗಲೆಲ್ಲ ನಾವು ಟ್ರಾಫಿಕ್ ಬೈದುಕೊಂಡು ದಾಟೋ ಆ ಕಲ್ಲು ಕಟ್ಟಡದಲ್ಲಿ ಈ ಊರಿನ ಎಷ್ಟು ತಲೆಮಾರುಗಳು ಕಣ್ಣು ಬಿಟ್ಟಿವೆಯೋ! ಆ ಹೊತ್ತಿಗೆ ಮದ್ದೂ ಬಂತು. 1936ರಲ್ಲಿ ಲಂಡನ್ನಿನ ಲೆನಾರ್ಡ್ ಕೋಲ್‌ಬ್ರೂಕ್, ಸಲ್ಫಾ ಜಾತಿಯ ಹೊಸ ಔಷಧಿಯಿಂದ ಬಾಣಂತಿ ಜ್ವರದ ಸಾವು ಥಟ್ಟನೆ ಇಳಿಯುತ್ತದೆ ಅಂತ ತೋರಿಸಿದ. ಪೆನ್ಸಿಲಿನ್ ಅದರ ಹಿಂದೆಯೇ ಬಂತು.

ಆದರೂ 1992-93ರಲ್ಲಿ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದಾಗ ದೇಶದಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದ ಹೆರಿಗೆ ನಾಲ್ಕರಲ್ಲಿ ಒಂದು. ಉಳಿದ ಮೂರು ಮನೆಯಲ್ಲೇ. ಅಂದರೆ ಈ ಲೇಖನ ಓದುತ್ತಿರೋ ನಿಮ್ಮಲ್ಲಿ ಎಷ್ಟೋ ಜನ ಹುಟ್ಟಿದ ಕಾಲಕ್ಕೆ! 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು. ಆಸ್ಪತ್ರೆಗೆ ಬಂದು ಹೆತ್ತರೆ ಕೈಗೆ ಹಣ, ಕರಕೊಂಡು ಬರೋಕೆ ಆಶಾ ಕಾರ್ಯಕರ್ತೆ. 2019-21ರ ಐದನೇ ಸಮೀಕ್ಷೆಗೆ ದೇಶದಲ್ಲಿ ಆಸ್ಪತ್ರೆ ಹೆರಿಗೆ ಶೇ 89ರ ಹತ್ತಿರ, ಕರ್ನಾಟಕದಲ್ಲಿ ಶೇ 97. ಮೂವತ್ತು ವರ್ಷದೊಳಗೆ ಒಂದಿಡೀ ದೇಶದ ಹೆರಿಗೆ ಮನೆ ಬದಲಾಯಿಸಿತು.

ಈ ಮನೆ ಬದಲಾವಣೆಯಲ್ಲಿ ಸಾಮಾನೆಲ್ಲ ಬಂತು, ಜೊತೆಗಾತಿಯರು ಬರಲಿಲ್ಲ. ಕಾರಣ ಕೆಟ್ಟದ್ದೇನಲ್ಲ. ಒಂದು ವಾರ್ಡಿನಲ್ಲಿ ಸಾಲಾಗಿ ಮಂಚಗಳು, ಒಬ್ಬೊಬ್ಬರ ಹಿಂದೆ ಇಬ್ಬಿಬ್ಬರು ಬಂದರೆ ಕಾಲಿಡೋಕೆ ಜಾಗ ಇರಲ್ಲ. ಸೋಂಕಿನ ಭಯ. ಬೇರೆ ಹೆಂಗಸರ ಮಾನದ ಪ್ರಶ್ನೆ. ಹೀಗೆ ಬಾಗಿಲ ಮೇಲೆ ಒಂದು ಬೋರ್ಡು ಬಂತು: ಒಳಗೆ ಪ್ರವೇಶವಿಲ್ಲ.

ನಾನು ಹೆತ್ತದ್ದು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಆ ಬಾಗಿಲ ತನಕ ಅಮ್ಮ ಬಂದರು, ಗಂಡ ಬಂದ. ಅಲ್ಲಿಂದಾಚೆ ನಾನೊಬ್ಬಳೇ. ಬಳೆ, ಸರ, ಮೊಬೈಲ್, ಕನ್ನಡಕ ಎಲ್ಲ ಬಿಚ್ಚಿ ಅಮ್ಮನ ಕೈಗೆ ಕೊಟ್ಟೆ. ಕನ್ನಡಕ ಇಲ್ಲದೆ ಗೋಡೆ ಗಡಿಯಾರವೂ ಮಸುಕು. ಪರದೆ ಆಚೆ ಇನ್ನೊಬ್ಬಳು ನರಳುತ್ತಿದ್ದಳು, ಅವಳ ಮುಖ ನಾನು ಕೊನೆಗೂ ನೋಡಲಿಲ್ಲ. ಹೊಟ್ಟೆಗೆ ಕಟ್ಟಿದ ಪಟ್ಟಿಯಿಂದ ಮಗುವಿನ ಎದೆಬಡಿತ ಕುದುರೆ ಓಡಿದ ಹಾಗೆ ಕೇಳುತ್ತಿತ್ತು. ಹದಿನಾಲ್ಕು ಗಂಟೆಯಲ್ಲಿ ನನಗೆ ಗೊತ್ತಿದ್ದ ದನಿ ಅದೊಂದೇ.

ನೋವು ಅಲೆಯ ಹಾಗೆ ಬರುತ್ತದೆ ಅಂತ ಪುಸ್ತಕಗಳು ಹೇಳುತ್ತವೆ. ನಿಜ ಇರಬಹುದು. ನನಗೆ ಅದು ಬೆನ್ನಿನ ಕೆಳಗೆ ಯಾರೋ ಹಗ್ಗ ಕಟ್ಟಿ ಹೊಸೆದು ಹೊಸೆದು ಬಿಗಿಸಿದ ಹಾಗಿತ್ತು. ನೋವಿಗಿಂತ ಕಷ್ಟವಾದದ್ದು ಎರಡು ನೋವಿನ ನಡುವಿನ ಆ ಮೂರು ನಿಮಿಷ. ಇದು ಸರಿಯಾಗಿ ನಡೀತಿದೆಯಾ, ಇನ್ನೆಷ್ಟು ಹೊತ್ತು, ಈ ನಡುಕ ಎಲ್ಲರಿಗೂ ಬರುತ್ತಾ, ಯಾರನ್ನ ಕೇಳಲಿ? ನರ್ಸ್‌ಗಳು ಒಳ್ಳೆಯವರೇ, ಆದರೆ ಇಬ್ಬರಿಗೆ ಐದು ಮಂಚ. ಗಂಟೆಗೊಮ್ಮೆ ಯಾರೋ ಬಂದು ಪರೀಕ್ಷೆ ಮಾಡಿ, "ನಾಲ್ಕು ಸೆಂಟಿಮೀಟರ್" ಅಂತ ನನಗಲ್ಲ, ಫೈಲಿಗೆ ಹೇಳಿ ಹೋಗುತ್ತಿದ್ದರು. ಜೋರಾಗಿ ಕೂಗಿದಾಗ "ಎಲ್ಲರೂ ಹೆತ್ತಿದ್ದಾರಮ್ಮ, ನೀವೊಬ್ಬರೇ ಅಲ್ಲ" ಅಂದರು. ನಡುರಾತ್ರಿ ನೆಲ ಒರೆಸೋಕೆ ಬಂದ ಆಯಾ ಒಬ್ಬರು ಬಕೆಟ್ ಪಕ್ಕಕ್ಕಿಟ್ಟು ನನ್ನ ಸೊಂಟ ತಿಕ್ಕಿದರು. "ಉಸಿರು ಬಿಡವ್ವಾ, ಬಾಯಲ್ಲಿ ಬಿಡು, ನಂಗೂ ಮೊದಲನೇದು ಹಿಂಗೇ ಆಡಿಸಿತ್ತು" ಅಂದರು. ಹತ್ತು ನಿಮಿಷ ಇದ್ದಿರಬಹುದು. ಆ ರಾತ್ರಿಯಲ್ಲಿ ನಾನು ಒಂಟಿಯಾಗಿ ಇರದಿದ್ದ ಹತ್ತು ನಿಮಿಷ.

ಬೆಳಿಗ್ಗೆ ಮಗಳು ಹುಟ್ಟಿದಳು. ಮಾಸು ಬಿದ್ದ ಮೇಲೆ ರಕ್ತ ನಿಲ್ಲಲಿಲ್ಲ. ಗಂಟೆಗೊಮ್ಮೆ ಬರುತ್ತಿದ್ದವರು ಒಂದೇ ಕ್ಷಣದಲ್ಲಿ ಆರು ಜನ ಆದರು. ಒಬ್ಬರು ಹೊಟ್ಟೆ ಒತ್ತಿ ಹಿಡಿದರು, ಒಬ್ಬರು ಕೈಗೆ ಇನ್ನೊಂದು ಸೂಜಿ ಹಾಕಿದರು. ಡ್ರಿಪ್‌ನಲ್ಲಿ ಹೋಗುತ್ತಿದ್ದದ್ದು ಆಕ್ಸಿಟೋಸಿನ್, ಗರ್ಭಕೋಶವನ್ನ ಹಿಂಡಿ ಬಿಗಿಮಾಡಿ ರಕ್ತ ಕಟ್ಟೋ ಹಾರ್ಮೋನ್. ಅದನ್ನ ಪ್ರಯೋಗಾಲಯದಲ್ಲಿ ತಯಾರಿಸೋದು ಹೇಗೆ ಅಂತ 1953ರಲ್ಲಿ ಕಂಡುಹಿಡಿದ ವಿನ್ಸೆಂಟ್ ದು ವಿನ್ಯೋಗೆ 1955ರಲ್ಲಿ ನೊಬೆಲ್ ಬಂತು. ನಾನು ಇವತ್ತು ಕೂತು ಬರೆಯುತ್ತಿರೋದಕ್ಕೆ ಆ ಸೀಸೆ, ಆ ಆರು ಜನ ಕಾರಣ. ಮನೆಯ ಕೋಣೆಯಲ್ಲಿ ಅಮ್ಮನ ಬೆನ್ನಿಗೆ ಒರಗಿ ಹೆತ್ತಿದ್ದರೆ, ಜೊತೆ ಇರುತ್ತಿತ್ತು, ನಾನು ಇರುತ್ತಿದ್ದೆನೋ ಇಲ್ಲವೋ.

ಬಾಣಂತನಕ್ಕೆ ಊರಿಗೆ ಹೋದಾಗ ಅಜ್ಜಿ ಎಷ್ಟು ಹೊಲಿಗೆ, ಎಷ್ಟು ಬಿಲ್ಲು ಅಂತ ಕೇಳಲಿಲ್ಲ. "ಒಳಗೆ ನಿನ್ ಜೊತೆ ಯಾರಿದ್ರು?" ಅಂದರು. ಯಾರೂ ಇಲ್ಲ ಅಜ್ಜಿ ಅಂದೆ. ಅವರು ನನ್ನ ತಲೆಗೆ ಎಣ್ಣೆ ಒತ್ತುತ್ತಾ ಬಹಳ ಹೊತ್ತು ಮಾತಾಡಲಿಲ್ಲ.

ಅಜ್ಜಿಯ ಆ ಪ್ರಶ್ನೆಯನ್ನ ವಿಜ್ಞಾನವೂ ಕೇಳಿದೆ, ತಡವಾಗಿ. 1980ರಲ್ಲಿ ಒಂದು ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಗ್ವಾಟೆಮಾಲಾ ದೇಶದ ಆಸ್ಪತ್ರೆಯೊಂದರ ಅಧ್ಯಯನ ಬಂತು. ಅಲ್ಲಿಯೂ ಮನೆಯವರಿಗೆ ಒಳಗೆ ಪ್ರವೇಶ ಇರಲಿಲ್ಲ. ಚೊಚ್ಚಲು ಬಸುರಿಯರಲ್ಲಿ ಕೆಲವರ ಪಕ್ಕ ಒಬ್ಬ ಸಾಮಾನ್ಯ ಹೆಂಗಸನ್ನ ಕೂರಿಸಿದರು. ಅವಳು ನರ್ಸ್ ಅಲ್ಲ, ನೆಂಟಳೂ ಅಲ್ಲ. ಕೈ ಹಿಡಿಯೋದು, ಬೆನ್ನು ತಿಕ್ಕೋದು, ಮಾತಾಡಿಸೋದು ಅಷ್ಟೇ ಅವಳ ಕೆಲಸ. ತೊಡಕಿಲ್ಲದೆ ಹೆತ್ತ 40 ತಾಯಂದಿರನ್ನ ಕೊನೆಗೆ ಹೋಲಿಸಿದರು. ಒಂಟಿಯಾಗಿದ್ದವರಿಗೆ ಆಸ್ಪತ್ರೆ ಸೇರಿದಾಗಿನಿಂದ ಹೆರಿಗೆಗೆ ಸರಾಸರಿ 19.3 ಗಂಟೆ ಬೇಕಾಯಿತು. ಜೊತೆ ಇದ್ದವರಿಗೆ 8.8 ಗಂಟೆ.

ನಲವತ್ತು ಜನ ಚಿಕ್ಕ ಸಂಖ್ಯೆ ಅನ್ನಬಹುದು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಪರೀಕ್ಷೆ ನಡೆಯುತ್ತಲೇ ಹೋಯಿತು. 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದ ಕೊಕ್ರೇನ್ ವಿಮರ್ಶೆ 2017ರಲ್ಲಿ ಬಂತು. ಎಡೆಬಿಡದೆ ಒಬ್ಬರು ಜೊತೆಗಿದ್ದರೆ ಸಹಜ ಹೆರಿಗೆಯ ಸಾಧ್ಯತೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಅವಧಿ ಕಡಿಮೆ, ಆ ಅನುಭವದ ಬಗ್ಗೆ ಕಹಿಯೂ ಕಡಿಮೆ ಅಂತ ಅದು ಹೇಳಿತು. ಯಾವ ಬ್ಯಾಟರಿಯೂ ಬೇಡ, ಯಾವ ಪೇಟೆಂಟೂ ಇಲ್ಲ.

ಹೊತ್ತಿನ ಲೆಕ್ಕಕ್ಕೂ ಒಂದು ಇತಿಹಾಸ ಇದೆ ನೋಡಿ. 1955ರಲ್ಲಿ ಇಮ್ಯಾನುಯೆಲ್ ಫ್ರೀಡ್‌ಮನ್ ನ್ಯೂಯಾರ್ಕಿನ ಒಂದು ಆಸ್ಪತ್ರೆಯ 500 ಚೊಚ್ಚಲು ಹೆರಿಗೆಗಳನ್ನ ಗ್ರಾಫ್ ಹಾಳೆ ಮೇಲೆ ಗೆರೆ ಮಾಡಿದ. ಅಂಥ ಗೆರೆಗಳಿಂದ ಬೆಳೆದದ್ದೇ ಗಂಟೆಗೆ ಒಂದು ಸೆಂಟಿಮೀಟರ್ ಅನ್ನೋ ನಿಯಮ. ಗೆರೆ ದಾಟಿ ತಡವಾದವಳು ಫೈಲಿನಲ್ಲಿ 'ಪ್ರಗತಿ ಇಲ್ಲ' ಆಗುತ್ತಿದ್ದಳು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಈ ಒಂದು ಸೆಂಟಿಮೀಟರ್ ನಿಯಮ ಎಷ್ಟೋ ಹೆಂಗಸರಿಗೆ ಹೊಂದಲ್ಲ, ತಾಯಿ ಮಗು ಚೆನ್ನಾಗಿದ್ದರೆ ಅದೊಂದನ್ನೇ ಹಿಡಿದು ಅವಸರ ಮಾಡಬೇಡಿ ಅಂತ ಹೇಳಿತು. ಹೆರಿಗೆಯ ವೇಗದ ಹಂತ ಶುರುವಾಗೋದು ಐದು ಸೆಂಟಿಮೀಟರ್‌ನಿಂದ, ಅಲ್ಲಿಂದ ಚೊಚ್ಚಲಿಗೆ ಹನ್ನೆರಡು ಗಂಟೆಯವರೆಗೂ ಹಿಡಿಯಬಹುದು ಅಂತಲೂ ಅದರಲ್ಲೇ ಇದೆ. ನನ್ನ "ನಾಲ್ಕು ಸೆಂಟಿಮೀಟರ್" ಅಂದರೆ ಇನ್ನೂ ಹೊಸಿಲಲ್ಲೇ ಇದ್ದೆ ಅಂತ. ಇದನ್ನ ಯಾರಾದರೂ ಆ ರಾತ್ರಿ ಕಿವಿಯಲ್ಲಿ ಹೇಳಿದ್ದರೆ ಎಷ್ಟು ಹಗುರಾಗುತ್ತಿತ್ತು! ಪ್ರತಿ ಹೆಂಗಸಿಗೂ ಅವಳು ಆರಿಸಿದ ಒಬ್ಬರು ಹೆರಿಗೆಯುದ್ದಕ್ಕೂ ಜೊತೆಗಿರಲಿ ಅನ್ನೋ ಶಿಫಾರಸು ಕೂಡ ಅದೇ 2018ರ ಪುಸ್ತಕದಲ್ಲಿದೆ.

ನಮ್ಮ ಕೇಂದ್ರ ಸರ್ಕಾರ ಇದಕ್ಕೂ ಎರಡು ವರ್ಷ ಮುಂಚೆ, 2016ರ ಫೆಬ್ರವರಿಯಲ್ಲಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಸಂಗಾತಿಗೆ ಅವಕಾಶ ಕೊಡೋ ತೀರ್ಮಾನ ಮಾಡಿತು. ಯಾರು ಬರಬಹುದು? ಸ್ವತಃ ಹೆರಿಗೆ ಕಂಡ ಹೆಂಗಸು. ಸೋಂಕು ರೋಗ ಇರಬಾರದು, ಶುಚಿಯಾದ ಬಟ್ಟೆ ಹಾಕಿರಬೇಕು, ಕೊನೆಯವರೆಗೂ ಬಿಟ್ಟು ಹೋಗಬಾರದು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು. ಬೇರೆ ಹೆಂಗಸರ ಮರೆ ಕಾಪಾಡೋ ವ್ಯವಸ್ಥೆ ಇದ್ದ ಕಡೆ ಗಂಡನೂ ಬರಬಹುದು. ಇದನ್ನ ಓದಿದಾಗ ನನಗೆ ಚರಕನ ಪಟ್ಟಿ ಕಣ್ಣ ಮುಂದೆ ಬಂತು: ಹೆತ್ತು ಬಲ್ಲವಳು, ಪ್ರೀತಿ ಇರುವವಳು, ಕಷ್ಟ ತಡೆಯುವವಳು. ಸೂತಿಕಾಗಾರದಿಂದ ಲೇಬರ್ ವಾರ್ಡಿಗೆ ಬರೋಕೆ ಅವಳಿಗೆ ಇಷ್ಟು ಶತಮಾನ ಹಿಡಿಯಿತು. ಈ ಸಲ ಕೈ ತೊಳೆದುಕೊಂಡು ಬಂದಿದ್ದಾಳೆ.

ಆದೇಶ ಇದ್ದ ಮಾತ್ರಕ್ಕೆ ಬಾಗಿಲು ತೆರೆಯಲ್ಲ ಅನ್ನೋದು ನಿಮಗೂ ಗೊತ್ತು. ಅದೂ ಅಲ್ಲದೆ ಆ ತೀರ್ಮಾನ ಸರ್ಕಾರಿ ಆಸ್ಪತ್ರೆಗಳದ್ದು. ನಮ್ಮಂಥವರು ಹೋಗೋದು ಹೆಚ್ಚಾಗಿ ಖಾಸಗಿಗೆ. ಐದನೇ ಸಮೀಕ್ಷೆಯ ಪ್ರಕಾರ ದೇಶದ ಸರ್ಕಾರಿ ಆಸ್ಪತ್ರೆಗಳ ಹೆರಿಗೆಯಲ್ಲಿ ಸಿಸೇರಿಯನ್ ಶೇ 14ರಷ್ಟು, ಖಾಸಗಿಯಲ್ಲಿ ಶೇ 47. ಸಿಸೇರಿಯನ್ ಜೀವ ಉಳಿಸೋ ಆಪರೇಷನ್, ಅದು ಬೇಕಾದವಳಿಗೆ ಬೇಕೇ ಬೇಕು. ಆದರೆ ಎರಡರಲ್ಲಿ ಒಬ್ಬಳ ಹತ್ತಿರ ಬಂತು ಅಂದಾಗ, ಬೆನ್ನು ತಿಕ್ಕೋ ಒಂದು ಕೈಗೂ ಅಲ್ಲಿ ಜಾಗ ಇತ್ತಾ ಅಂತ ಕೇಳೋದು ತಪ್ಪಲ್ಲ.

ಹಾಗಾಗಿ, ನೀವು ಬಸುರಿಯಾಗಿದ್ದರೆ ಅಥವಾ ನಿಮ್ಮ ಮನೆಯಲ್ಲಿ ಒಬ್ಬಳು ಬಸುರಿ ಇದ್ದರೆ, ಆಸ್ಪತ್ರೆ ನೋಡೋಕೆ ಹೋದ ದಿನ ಎರಡು ಪ್ರಶ್ನೆ ಕೇಳಿ. ರಕ್ತ, ಅನಸ್ತೇಷಿಯಾ ಡಾಕ್ಟರ್, ಮಕ್ಕಳ ಡಾಕ್ಟರ್ ರಾತ್ರಿ ಎರಡು ಗಂಟೆಗೆ ಎಷ್ಟು ನಿಮಿಷದಲ್ಲಿ ಸಿಗುತ್ತಾರೆ? ಇದು ಅಜ್ಜಿಯ ಅಕ್ಕನಿಗಾಗಿ ಕೇಳಬೇಕಾದ ಪ್ರಶ್ನೆ. ಬೇನೆ ಶುರುವಾದಾಗಿನಿಂದ ಮಗು ಕೈಗೆ ಬರೋ ತನಕ ಅವಳ ಜೊತೆ ಯಾರಿರಬಹುದು? ಇದು ಅಜ್ಜಿ ಕೇಳಿದ ಪ್ರಶ್ನೆ. ಎರಡನೆಯದಕ್ಕೆ "ನಮ್ಮಲ್ಲಿ ಅದೆಲ್ಲ ಇಲ್ಲ ಮೇಡಂ" ಅಂತ ಉತ್ತರ ಬಂದರೆ, ಯಾಕೆ ಇಲ್ಲ ಅಂತ ಮೂರನೆಯದನ್ನೂ ಕೇಳಿ. ರೂಮಿನ ಟಿವಿ, ಏಸಿ ಬಗ್ಗೆ ಆಮೇಲೆ ವಿಚಾರಿಸಿದರಾಯಿತು.